ಎಣಿಕೆ, ಗಡುವು, ಅಂಕಿತ: ಸಂವಿಧಾನ ಬಾಳುವ ಬಗೆ

ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ನವೆಂಬರ್ 26 ಬಂತೆಂದರೆ ಶಾಲೆ, ಕಚೇರಿ, ಗ್ರಾಮ ಪಂಚಾಯಿತಿಗಳಲ್ಲಿ ಎದ್ದು ನಿಂತು ಸಂವಿಧಾನದ ಪೀಠಿಕೆ ಓದುತ್ತೇವೆ. ಓದಲೇಬೇಕು, ಅಷ್ಟು ಘನವಾದ ಮಾತು ಅದು. ಆದರೆ ಒಮ್ಮೆ ನೆರೆಹೊರೆಯತ್ತ ನೋಡಿ. ಪಾಕಿಸ್ತಾನ 1956ರಲ್ಲಿ ಒಂದು ಸಂವಿಧಾನ ಬರೆದುಕೊಂಡಿತು, 1962ರಲ್ಲಿ ಇನ್ನೊಂದು, 1973ರಲ್ಲಿ ಮತ್ತೊಂದು. ಶ್ರೀಲಂಕಾ 1972ರಲ್ಲಿ ಬರೆದದ್ದನ್ನು 1978ರಲ್ಲಿ ಬದಿಗಿಟ್ಟಿತು. ನೇಪಾಳದ 2015ರ ಸಂವಿಧಾನ ಆ ದೇಶಕ್ಕೆ ಏಳನೆಯದು. ಅಲ್ಲೂ ನ್ಯಾಯ, ಸ್ವಾತಂತ್ರ್ಯ, ಸಮಾನತೆಯ ಮಾತುಗಳಿಗೆ ಬರವಿರಲಿಲ್ಲ. ಹಾಗಿದ್ದ ಮೇಲೆ ನಮ್ಮದು 1950ರ ಜನವರಿ 26ರಿಂದ ಒಂದೇ ದಾಖಲೆಯಾಗಿ ನಿಂತಿದ್ದು ಹೇಗೆ?

ಯಾರೂ ವೇದಿಕೆಯ ಮೇಲೆ ಓದದ ಒಣ ವಾಕ್ಯಗಳಲ್ಲಿ ಇದಕ್ಕೆ ದೊಡ್ಡ ಪಾಲು ಉತ್ತರವಿದೆ ಎಂಬುದು ಇವತ್ತಿನ ಮಾತಿನ ತಿರುಳು. ಯಾರು ಯಾರನ್ನು ಕೇಳಬೇಕು, ಎಷ್ಟು ಜನ ಒಪ್ಪಬೇಕು, ಎಷ್ಟು ದಿನದೊಳಗೆ ಮುಗಿಸಬೇಕು, ಕೊನೆಗೆ ಅಂಕಿತ ಯಾರದು ಎನ್ನುವ ವಾಕ್ಯಗಳು ಅವು. ಈ ವಾಕ್ಯಗಳು ಗಟ್ಟಿಯಾಗಿರುವಲ್ಲಿ ಸಂವಿಧಾನ ಹಿಡಿದು ನಿಂತಿದೆ. ಅವು ಮೌನವಾಗಿರುವಲ್ಲಿ ಸೋರಿದೆ.

ಮೊದಲು ಬರೆದ ಕ್ರಮವನ್ನು ಚುಟುಕಾಗಿ ನೋಡೋಣ. ಸಂವಿಧಾನ ಸಭೆ ಸೇರಿದ್ದು 1946ರ ಡಿಸೆಂಬರ್ 9ರಂದು. ಮೊದಲ ಕರಡನ್ನು ಸಿದ್ಧಪಡಿಸಿದವರು ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ಮಂಗಳೂರಿನವರು. 1947ರ ಆಗಸ್ಟ್ 29ರಂದು ಡಾ. ಅಂಬೇಡ್ಕರ್ ಅಧ್ಯಕ್ಷತೆಯಲ್ಲಿ ಕರಡು ಸಮಿತಿ ರಚನೆಯಾಯಿತು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಅವರೂ ಮುಂದೆ ಆ ಸಮಿತಿ ಸೇರಿದರು. 1948ರ ಫೆಬ್ರವರಿಯಲ್ಲಿ ಪ್ರಕಟವಾದ ಕರಡಿನಲ್ಲಿ 315 ವಿಧಿ, 8 ಅನುಸೂಚಿ. ಅದಕ್ಕೆ ಸದಸ್ಯರು ಸೂಚಿಸಿದ ತಿದ್ದುಪಡಿಗಳು ಸುಮಾರು 7,635, ಸಭೆಯಲ್ಲಿ ಮಂಡನೆಯಾದವು 2,473. ಒಟ್ಟು 165 ದಿನಗಳ ಕಲಾಪದಲ್ಲಿ 114 ದಿನ ಈ ಕರಡಿಗೇ ಹೋಯಿತು. ಕೊನೆಗೆ 395 ವಿಧಿಗಳಾಗಿ ಅಂಗೀಕಾರವಾಯಿತು. ಅದರ ಹಿಂದಿನ ದಿನ, 1949ರ ನವೆಂಬರ್ 25ರಂದು, ಜಯಚಾಮರಾಜ ಒಡೆಯರ್ ಈ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಣೆ ಹೊರಡಿಸಿದ್ದರು.

ಕಡೆಯ ಪುಟಗಳಲ್ಲಿರುವ ಎರಡು ಸಣ್ಣ ವಿಧಿಗಳ ಜಾಣ್ಮೆ ನೋಡಿ. 395ನೇ ವಿಧಿ 1935ರ ಭಾರತ ಸರ್ಕಾರ ಕಾಯ್ದೆಯನ್ನೂ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೂ ರದ್ದು ಮಾಡಿತು. ಬ್ರಿಟಿಷ್ ಸಂಸತ್ತು ಕೊಟ್ಟ ಅಧಿಕಾರದ ಕೊನೆಯ ಎಳೆ ಅಲ್ಲಿಗೆ ಕಡಿಯಿತು. ಆದರೆ ಅಂದೇ ಎಲ್ಲ ಹಳೆಯ ಕಾನೂನೂ ಬಿದ್ದುಹೋಗಿದ್ದರೆ ಮರುದಿನ ಕಂದಾಯ ವಸೂಲಿಗೂ ಕಳ್ಳನ ವಿಚಾರಣೆಗೂ ಆಧಾರ ಇರುತ್ತಿರಲಿಲ್ಲ. ಅದಕ್ಕೇ 372ನೇ ವಿಧಿ ಇದ್ದ ಕಾನೂನುಗಳು ಮುಂದುವರಿಯಲಿ ಎಂದಿತು. ಜೊತೆಗೇ 13ನೇ ವಿಧಿ, ಅವುಗಳಲ್ಲಿ ಮೂಲಭೂತ ಹಕ್ಕಿಗೆ ಅಡ್ಡಬರುವಷ್ಟು ಭಾಗ ಮಾತ್ರ ನಿರರ್ಥಕ ಎಂದಿತು. ಹಳೆಯ ಮನೆಯಲ್ಲಿ ವಾಸ ಇದ್ದುಕೊಂಡೇ ಗೋಡೆ ಬದಲಿಸುವ ಕೆಲಸ ಇದು.

ಈಗ 368ನೇ ವಿಧಿ. ಸಂವಿಧಾನವನ್ನು ತಿದ್ದುವ ದಾರಿ ಇದು, ಇಲ್ಲಿ ಲೆಕ್ಕ ಬರಬೇಕು. ತಿದ್ದುಪಡಿ ಮಸೂದೆ ಸಂಸತ್ತಿನ ಯಾವ ಸದನದಲ್ಲಾದರೂ ಹುಟ್ಟಬಹುದು, ಆದರೆ ಎರಡೂ ಸದನಗಳು ಬೇರೆಬೇರೆಯಾಗಿಯೇ ಅಂಗೀಕರಿಸಬೇಕು. ಭಿನ್ನಾಭಿಪ್ರಾಯ ಬಂದರೆ ಸಾಮಾನ್ಯ ಮಸೂದೆಗೆ ಇರುವ ಜಂಟಿ ಅಧಿವೇಶನದ ದಾರಿ ಇದಕ್ಕಿಲ್ಲ. ಪ್ರತಿ ಸದನದಲ್ಲೂ ಎರಡು ಷರತ್ತು ಒಟ್ಟಿಗೆ ಈಡೇರಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡಕ್ಕೆ ಕಡಿಮೆಯಿಲ್ಲದ ಮತ. 543 ಸ್ಥಾನಗಳ ಲೋಕಸಭೆಯಲ್ಲಿ 450 ಮಂದಿ ಮತ ಹಾಕಿದರೆ 300 ಬೇಕು. 390 ಮಂದಿ ಮಾತ್ರ ಹಾಕಿದರೆ ಮೂರನೇ ಎರಡು 260 ಆಗುತ್ತದೆ, ಆದರೆ 260 ಸಾಲದು, 272 ಆಗಲೇಬೇಕು. ಖಾಲಿ ಇರುವ ಸ್ಥಾನಗಳೂ ಒಟ್ಟು ಬಲದ ಲೆಕ್ಕಕ್ಕೆ ಸೇರುತ್ತವೆ. ಎದುರಾಳಿಗಳು ಇಲ್ಲದ ಹೊತ್ತು ನೋಡಿ ಸಂವಿಧಾನ ತಿದ್ದಿಬಿಡುವುದನ್ನು ತಡೆಯುವುದು ಈ ಮೊದಲ ಷರತ್ತು.

ಕೆಲವು ವಿಷಯಗಳಿಗೆ ಇಷ್ಟೂ ಸಾಲದು. ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು, ಕೇಂದ್ರ ರಾಜ್ಯಗಳ ನಡುವಿನ ಶಾಸನಾಧಿಕಾರ, ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಹಂಚುವ ಏಳನೇ ಅನುಸೂಚಿಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಮತ್ತು 368ನೇ ವಿಧಿಯೇ: ಇವನ್ನು ಮುಟ್ಟಿದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳು ಅನುಮೋದಿಸಬೇಕು. 28 ರಾಜ್ಯಗಳಿದ್ದರೆ 14. ಆಮೇಲೆಯೇ ರಾಷ್ಟ್ರಪತಿಯ ಅಂಕಿತ. ಎಲ್ಲಕ್ಕೂ ಇಷ್ಟು ಬಿಗಿ ಇಲ್ಲ ಎಂಬುದನ್ನೂ ಗಮನಿಸಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು 3ನೇ ವಿಧಿಯಡಿ ಸರಳ ಬಹುಮತದ, ಅಂದರೆ ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸಾಕಾಗುವ, ಕಾಯ್ದೆಯಿಂದ. ಗಡಿ, ಹೆಸರು ಬದಲಾಗಬಹುದಾದ ದೇಶದಲ್ಲಿ ಅದು ಹಗುರವಾಗಿರಬೇಕು, ನ್ಯಾಯಾಲಯದ ಅಧಿಕಾರ ಹಗುರವಾಗಿರಬಾರದು. ಯಾವುದು ಎಷ್ಟು ಬಿಗಿ ಎಂಬ ಈ ವಿವೇಚನೆಯೇ, ನಮ್ಮ ತೀರ್ಮಾನದಲ್ಲಿ, ಸಂವಿಧಾನ ಬರೆದವರ ದೊಡ್ಡ ಸಾಧನೆ.

ಈ ಹೆಜ್ಜೆ ತಪ್ಪಿದರೆ ಏನಾಗುತ್ತದೆ? ಸಹಕಾರ ಸಂಘಗಳ ಉದಾಹರಣೆ ತೆಗೆದುಕೊಳ್ಳಿ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಹತ್ತಿರದ ವಿಷಯ. 2011ರ 97ನೇ ತಿದ್ದುಪಡಿ ಸಂವಿಧಾನದಲ್ಲಿ ಸಹಕಾರ ಸಂಘಗಳಿಗೇ ಒಂದು ಹೊಸ ಭಾಗ ಸೇರಿಸಿತು. ನಿರ್ದೇಶಕರು 21ಕ್ಕಿಂತ ಹೆಚ್ಚಿರಬಾರದು, ಆಡಳಿತ ಮಂಡಳಿಯ ಅವಧಿ 5 ವರ್ಷ, ಹೀಗೆ. ಉದ್ದೇಶ ಒಳ್ಳೆಯದೇ. ಆದರೆ ಸಹಕಾರ ಸಂಘ ರಾಜ್ಯಪಟ್ಟಿಯ 32ನೇ ನಮೂದು. ರಾಜ್ಯ ಶಾಸಕಾಂಗಗಳ ಕೈ ಕಟ್ಟುವ ತಿದ್ದುಪಡಿಗೆ ಅರ್ಧ ರಾಜ್ಯಗಳ ಅನುಮೋದನೆ ಬೇಕಿತ್ತು, ಅದನ್ನು ಪಡೆದಿರಲೇ ಇಲ್ಲ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಭಾಗ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವ ಸಹಕಾರ ಸಂಘಗಳಿಗೆ ಮಾತ್ರ ಊರ್ಜಿತ, ರಾಜ್ಯದೊಳಗಿನ ಸಂಘಗಳಿಗೆ ಅಲ್ಲ ಎಂದು ಬಹುಮತದಿಂದ ತೀರ್ಪು ಕೊಟ್ಟಿತು. ಒಂದು ಹೆಜ್ಜೆ ಬಿಟ್ಟದ್ದಕ್ಕೆ ಸುಮಾರು ಹತ್ತು ವರ್ಷದ ಕೆಲಸ ಹೋಯಿತು. ಇಂಥದೇ ತಪ್ಪು 1985ರ 52ನೇ ತಿದ್ದುಪಡಿಯಲ್ಲೂ ಆಗಿತ್ತು. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ 7ನೇ ಕಂಡಿಕೆ ನ್ಯಾಯಾಲಯಗಳನ್ನು ಹೊರಗಿಡುವಂತಿತ್ತು, ರಾಜ್ಯಗಳ ಅನುಮೋದನೆ ಇಲ್ಲದ ಕಾರಣಕ್ಕೆ 1992ರ ತೀರ್ಪಿನಲ್ಲಿ ಅದು ಬಿದ್ದುಹೋಯಿತು.

ಎಣಿಕೆ ಸರಿಯಾಗಿದ್ದರೆ ಏನನ್ನು ಬೇಕಾದರೂ ತಿದ್ದಬಹುದೇ? ಈ ಪ್ರಶ್ನೆಗೆ ಉತ್ತರ ಬಂದದ್ದು ಕಾಸರಗೋಡಿನ ಎಡನೀರು ಮಠದಿಂದ ಹೋದ ಒಂದು ಅರ್ಜಿಯಿಂದ. ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಮಠಾಧೀಶರಾದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7 ಮತ್ತು 6ರ ಅಂತರದಲ್ಲಿ ತೀರ್ಪು ಕೊಟ್ಟಿತು. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡವುವಂತಿಲ್ಲ. ತಿದ್ದುವುದು ಎಂಬ ಪದದ ಅರ್ಥವೇ ಮೂಲ ವಸ್ತು ಉಳಿದಿರಬೇಕು ಎಂಬುದು ಈ ವಾದದ ಬುಡ. ಸ್ವಾಮೀಜಿಯವರಿಗೆ ಮಾತ್ರ ಕೇಳಿದ ಪರಿಹಾರ ಸಿಗಲಿಲ್ಲ, ಆ ತೀರ್ಪು ಭೂಸುಧಾರಣೆಯನ್ನು ತಡೆಯಲಿಲ್ಲ. ಬಹುಮತದ ಏಳು ಮಂದಿಯಲ್ಲಿ ಒಬ್ಬರು ದಕ್ಷಿಣ ಕನ್ನಡ ಮೂಲದ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಲ್ಲೇ ಅವರನ್ನೂ ಶೇಲತ್, ಗ್ರೋವರ್ ಅವರನ್ನೂ ಹಿಂದಿಕ್ಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು, ಮೂವರೂ ರಾಜೀನಾಮೆ ಕೊಟ್ಟರು. ಹಿರಿತನ ಅಲ್ಲಿಯತನಕ ನಡೆದು ಬಂದ ವಾಡಿಕೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕದ 124ನೇ ವಿಧಿಯಲ್ಲಿ ಹಿರಿತನ ಎಂಬ ಮಾತೇ ಇಲ್ಲ. ಬರೆಯದೆ ಬಿಟ್ಟ ಜಾಗ ಎಷ್ಟು ದುಬಾರಿ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಎರಡನೆಯದು ಇನ್ನೂ ದೊಡ್ಡದು, ಸ್ವಲ್ಪ ನಿಂತು ನೋಡೋಣ. ಮೂಲ 352ನೇ ವಿಧಿಯಲ್ಲಿ ಯುದ್ಧ, ಬಾಹ್ಯ ಆಕ್ರಮಣದ ಜೊತೆ 'ಆಂತರಿಕ ಕ್ಷೋಭೆ'ಯೂ ತುರ್ತು ಪರಿಸ್ಥಿತಿಗೆ ಕಾರಣವಾಗಬಹುದಿತ್ತು. ಕ್ಷೋಭೆ ಎಂದರೆ ಎಷ್ಟು? ಅಳತೆ ಇರಲಿಲ್ಲ. ಸಚಿವ ಸಂಪುಟ ಮೊದಲೇ ಕೂತು ತೀರ್ಮಾನಿಸಬೇಕು ಎಂದೂ ಬರೆದಿರಲಿಲ್ಲ. 1975ರ ಜೂನ್ 25ರ ರಾತ್ರಿ ಪ್ರಧಾನಿಯ ಸಲಹೆಯಂತೆ ರಾಷ್ಟ್ರಪತಿ ಸಹಿ ಹಾಕಿದರು, ಸಂಪುಟ ಒಪ್ಪಿದ್ದು ಮರುದಿನ ಬೆಳಿಗ್ಗೆ. 359ನೇ ವಿಧಿಯಡಿ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿ ಮುಚ್ಚಿತು. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಿ ಎನ್ನುವ ಅರ್ಜಿಗಳನ್ನು, ವಿಚಾರಿಸಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದರೂ, 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 4 ಮತ್ತು 1ರ ಅಂತರದಲ್ಲಿ ಅದನ್ನು ತಳ್ಳಿಹಾಕಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ.

1978ರ 44ನೇ ತಿದ್ದುಪಡಿಯನ್ನು ಈ ಘಟನೆಗಳ ಪಕ್ಕದಲ್ಲಿಟ್ಟು ಓದಿ. ಪ್ರತಿ ತೂತಿಗೂ ಅಳತೆಗೆ ಸರಿಯಾದ ತೇಪೆ ಕಾಣುತ್ತದೆ. 'ಆಂತರಿಕ ಕ್ಷೋಭೆ' ಹೋಗಿ 'ಸಶಸ್ತ್ರ ದಂಗೆ' ಬಂತು. ಸಂಪುಟದ ತೀರ್ಮಾನ ಬರಹದಲ್ಲಿ ಬಂದ ಮೇಲೆಯೇ ರಾಷ್ಟ್ರಪತಿ ಘೋಷಣೆ ಹೊರಡಿಸಬೇಕು. ಸಂಸತ್ತಿನ ಒಪ್ಪಿಗೆಗೆ ಇದ್ದ ಎರಡು ತಿಂಗಳ ಕಾಲಾವಕಾಶ ಒಂದು ತಿಂಗಳಾಯಿತು. ಆ ಒಪ್ಪಿಗೆಗೂ ಸರಳ ಬಹುಮತ ಸಾಲದು, 368ನೇ ವಿಧಿಯಲ್ಲಿ ಕಂಡ ಎರಡು ಷರತ್ತಿನ ವಿಶೇಷ ಬಹುಮತವೇ ಬೇಕು. ಪ್ರತಿ ಆರು ತಿಂಗಳಿಗೆ ಮತ್ತೆ ಒಪ್ಪಿಗೆ. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ ಘೋಷಣೆ ಹಿಂತೆಗೆಯಲು 14 ದಿನದೊಳಗೆ ವಿಶೇಷ ಸಭೆ ಕರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 20 ಮತ್ತು 21ನೇ ವಿಧಿಗಳ ಹಕ್ಕಿಗಾಗಿ (ಅಪರಾಧದ ಶಿಕ್ಷೆಯಲ್ಲಿ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ನ್ಯಾಯಾಲಯಕ್ಕೆ ಹೋಗುವುದನ್ನು ಇನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತಪ್ಪೆಂದು ಹೇಳಿ ಅಳಿಸಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಪ್ರಕರಣದಲ್ಲಿ. 41 ವರ್ಷ ಹಿಡಿಯಿತು.

ಇದೇ ಸಾಲಿನಲ್ಲಿ ಬೆಂಗಳೂರಿನ ಮಿನರ್ವ ಮಿಲ್ ಹೆಸರೂ ಬರುತ್ತದೆ. ರಾಷ್ಟ್ರೀಕರಣವಾದ ಆ ಬಟ್ಟೆ ಗಿರಣಿಯ ಪ್ರಕರಣದಲ್ಲಿ, ಯಾವ ತಿದ್ದುಪಡಿಯನ್ನೂ ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂದು 42ನೇ ತಿದ್ದುಪಡಿ ಸೇರಿಸಿದ್ದ 368ನೇ ವಿಧಿಯ 4 ಮತ್ತು 5ನೇ ಖಂಡಗಳನ್ನು 1980ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಿತಿಯಿರುವ ಅಧಿಕಾರವೇ ತನ್ನನ್ನು ಮಿತಿಯಿಲ್ಲದ್ದಾಗಿ ಮಾಡಿಕೊಳ್ಳಲಾಗದು ಎಂಬ ತರ್ಕ ಅದರದು.

ಇನ್ನು 356ನೇ ವಿಧಿ, ರಾಷ್ಟ್ರಪತಿ ಆಳ್ವಿಕೆ. ಕರ್ನಾಟಕದ ಹೆಸರು ದೇಶದ ಕಾನೂನು ಪುಸ್ತಕಗಳಲ್ಲಿ ಖಾಯಂ ಆಗಿ ಉಳಿದಿರುವ ಜಾಗ ಇದು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅವರಲ್ಲಿ ಏಳು ಮಂದಿ ಮರಳಿ ಬರೆದು ತಮ್ಮ ಬೆಂಬಲ ಸರ್ಕಾರಕ್ಕೇ ಎಂದರು. ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ, ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಯಿತು. ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದ ಉಳಿದ ನಿಯಮಗಳು ಇವು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದ ನೆಲದ ಮೇಲೆ ತೀರ್ಮಾನವಾಗಬೇಕು, ರಾಜಭವನದ ಕೋಣೆಯಲ್ಲಿ ತಲೆ ಎಣಿಸಿ ಅಲ್ಲ. ಘೋಷಣೆಗೆ ಯಾವ ಆಧಾರ ಇತ್ತು ಎಂಬುದನ್ನು ನ್ಯಾಯಾಲಯ ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನ ಒಪ್ಪುವತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸಬಾರದು. ಘೋಷಣೆ ಅಸಿಂಧು ಎನಿಸಿದರೆ ಹಳೆಯ ಸರ್ಕಾರವನ್ನು ಮರಳಿ ಕೂರಿಸಬಹುದು.

ಬೊಮ್ಮಾಯಿ ಅವರಿಗೆ ಕುರ್ಚಿ ಮರಳಲಿಲ್ಲ, ಆ ಹೊತ್ತಿಗೆ ಚುನಾವಣೆಯೇ ಆಗಿಹೋಗಿತ್ತು. ಆದರೆ 2016ರಲ್ಲಿ ಅರುಣಾಚಲ ಪ್ರದೇಶದಲ್ಲಿ ಸುಪ್ರೀಂ ಕೋರ್ಟ್ ಹಿಂದಿನ ಸರ್ಕಾರವನ್ನು ಮರಳಿ ತಂದಿತು. 2018ರ ಮೇ ತಿಂಗಳಲ್ಲಿ ನಮ್ಮಲ್ಲೇ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನವನ್ನು ಮೊಟಕು ಮಾಡಿ ಮೇ 19ರ ಸಂಜೆ 4 ಗಂಟೆಗೆ ಎಂದು ಗೊತ್ತುಮಾಡಿತು. ಆ 15 ದಿನ ಎಲ್ಲಿಂದ ಬಂತು? ಸಂವಿಧಾನದಲ್ಲಿ ಇಂತಿಷ್ಟು ದಿನ ಎಂದು ಬರೆದಿಲ್ಲ.

ಗಡುವಿಲ್ಲದ ಜಾಗ ಇನ್ನೂ ಇವೆ. ಹತ್ತನೇ ಅನುಸೂಚಿಯಡಿ ಪಕ್ಷಾಂತರದ ದೂರನ್ನು ಸ್ಪೀಕರ್ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂದು ಬರೆದಿಲ್ಲ. ದೂರು ವರ್ಷಗಟ್ಟಲೆ ಕೊಳೆತು ಸದನದ ಅವಧಿಯೇ ಮುಗಿಯುವುದನ್ನು ದೇಶ ನೋಡಿದೆ. ಅಸಾಧಾರಣ ಸಂದರ್ಭ ಬಿಟ್ಟರೆ ಮೂರು ತಿಂಗಳು ಎಂದು 2020ರಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ತೀರ್ಪಿನ ಗಡುವಿಗೂ ಸಂವಿಧಾನದ ಗಡುವಿಗೂ ತೂಕ ಬೇರೆ. ಶಾಸಕಾಂಗ ಒಪ್ಪಿದ ಮಸೂದೆಗೆ ರಾಜ್ಯಪಾಲರ ಅಂಕಿತದ ವಿಷಯ ಹೇಳುವ 200ನೇ ವಿಧಿಯಲ್ಲೂ, ಮಸೂದೆ ಮರಳಿಸುವುದಾದರೆ 'ಸಾಧ್ಯವಾದಷ್ಟು ಬೇಗ' ಎಂಬ ಮಾತಿದೆ, ದಿನದ ಲೆಕ್ಕ ಇಲ್ಲ. ಇವೆರಡಕ್ಕೂ ದಿನದ ಲೆಕ್ಕ ಬರೆಯುವ ತಿದ್ದುಪಡಿ ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. 106 ಸಲ ತಿದ್ದಿದ ಪುಸ್ತಕದಲ್ಲಿ ಇದಕ್ಕೆ ಜಾಗ ಇಲ್ಲದೆ ಹೋಗುವುದಿಲ್ಲ.

ಗಡುವು ಬರೆದಿದ್ದರೂ ಮೀರಿದರೆ? 243ಇ ವಿಧಿ ಓದಿ. ಪಂಚಾಯಿತಿಯ ಅವಧಿ ಐದು ವರ್ಷ, 'ಅದಕ್ಕಿಂತ ಹೆಚ್ಚಲ್ಲ'. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟದ್ದು, ಮೀಸಲಾತಿ ಪಟ್ಟಿಯ ತಕರಾರು ಎನ್ನುತ್ತ ವರ್ಷಗಳೇ ಉರುಳಿದವು, ಆಡಳಿತಾಧಿಕಾರಿಗಳು ಆ ಕುರ್ಚಿಗಳಲ್ಲಿ ಕೂತರು. ಪುನರ್ವಿಂಗಡಣೆ ಬಾಕಿ ಎಂಬುದು ಚುನಾವಣೆ ಮುಂದೂಡಲು ನೆಪವಾಗದು ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವ ಮೊದಲೇ, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿ ದಾರಿ ತೋರಿಸಿದ ರಾಜ್ಯದಲ್ಲಿ ಹೀಗಾದದ್ದು ನೋವಿನ ವಿಷಯ.

ಇಂಥಲ್ಲಿ ಸಾಮಾನ್ಯ ಮತದಾರರ ಕೈಯಲ್ಲಿರುವುದು 226ನೇ ವಿಧಿ, ಹೈಕೋರ್ಟಿಗೆ ರಿಟ್ ಅರ್ಜಿ. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಗಳಲ್ಲೂ ನಮ್ಮ ಹೈಕೋರ್ಟಿನ ಪೀಠಗಳಿವೆ. ಕೇಳಬೇಕಾದದ್ದು ಮ್ಯಾಂಡಮಸ್, ಅಂದರೆ ಕಾನೂನು ಹೊರಿಸಿದ ಕೆಲಸ ಮಾಡು ಎಂಬ ಆದೇಶ. ಇಂಥ ಅರ್ಜಿಗಳು ಬೀಳುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ. ಸಂಬಂಧಪಟ್ಟ ಅಧಿಕಾರಿಗೆ ಮೊದಲು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರುವುದಿಲ್ಲ. ಬೇರೆ ಶಾಸನಬದ್ಧ ಪರಿಹಾರ ಇದ್ದೂ ಅದನ್ನು ಬಳಸಿರುವುದಿಲ್ಲ. ವಿವರಣೆ ಇಲ್ಲದೆ ವರ್ಷಗಟ್ಟಲೆ ತಡ ಮಾಡಿರುತ್ತಾರೆ. ಸಾಕ್ಷಿ ವಿಚಾರಣೆ ಮಾಡಿಯೇ ತೀರ್ಮಾನಿಸಬೇಕಾದ ಸಂಗತಿಗಳನ್ನು ರಿಟ್ ಅರ್ಜಿಯಲ್ಲಿ ತುಂಬಿರುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಕಲಾಪದ ಭಾಷೆ ಮಾತ್ರ 348ನೇ ವಿಧಿಯಂತೆ ಇಂಗ್ಲಿಷ್. ಅದೇ ವಿಧಿಯ 2ನೇ ಖಂಡ ರಾಜ್ಯದ ಭಾಷೆಗೂ ಬಾಗಿಲು ತೆರೆದಿಟ್ಟಿದೆ. ಕನ್ನಡಕ್ಕೆ ಆ ಬಾಗಿಲು ಇನ್ನೂ ಬಳಕೆಗೆ ಬಂದಿಲ್ಲ.

243ಇ ವಿಧಿಯ ಐದು ವರ್ಷ ಶುರುವಾಗುವುದು ಫಲಿತಾಂಶದ ದಿನದಿಂದಲ್ಲ, ಪಂಚಾಯಿತಿಯ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಆದ್ದರಿಂದ ಅರ್ಜಿಗೆ ಮೊದಲು ಲಗತ್ತಿಸಬೇಕಾದ ಕಾಗದ ಆ ಸಭೆಯ ಅಧಿಸೂಚನೆ ಅಥವಾ ನಡಾವಳಿಯ ಪ್ರತಿ. ಜಿಲ್ಲಾ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಲಿ. ಉತ್ತರಕ್ಕೆ 30 ದಿನ.